ಬೆಂಗಳೂರಿನ ಚಿತ್ರಸಂತೆ ಮತ್ತು ಕಲಾವಿದರ ಸ್ಟುಡಿಯೋಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ವರ್ಷದ ಮೊದಲ ವಾರಗಳಲ್ಲಿ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಗೆ ಮೊದಲ ಸಲ ಹೋಗುವವರು, ಅಲ್ಲಿ ಪರಿಚಯವಾದ ಕಲಾವಿದರ ಸ್ಟುಡಿಯೋ ನೋಡಬೇಕೆಂದು ಬಯಸುವವರು, ಮನೆಗೊಂದು ಒಳ್ಳೆಯ ಚಿತ್ರ ಕೊಳ್ಳಬೇಕೆಂದಿದ್ದರೂ ಹಿಂಜರಿಯುತ್ತಿರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಚಿತ್ರಸಂತೆ ಎಂದರೇನು? ಅದನ್ನು ನಡೆಸುವವರು ಯಾರು?

ಕರ್ನಾಟಕ ಚಿತ್ರಕಲಾ ಪರಿಷತ್ತು ವರ್ಷಕ್ಕೊಮ್ಮೆ, ಒಂದೇ ಒಂದು ದಿನ, ತನ್ನ ಆವರಣದಲ್ಲಿ ಮತ್ತು ಅದರ ಮುಂದಿನ ಕುಮಾರಕೃಪಾ ರಸ್ತೆಯ ಉದ್ದಕ್ಕೂ ನಡೆಸುವ ಕಲಾಮೇಳವೇ ಚಿತ್ರಸಂತೆ. 1960ರಲ್ಲಿ ಆರಂಭವಾದ ಪರಿಷತ್ತನ್ನು ಕಟ್ಟಿ ಬೆಳೆಸಿದವರಲ್ಲಿ ಕಲಾವಿದ ಎಂ. ಎಸ್. ನಂಜುಂಡರಾವ್ ಅವರ ಹೆಸರು ಮೊದಲು ಬರುತ್ತದೆ. ಸಂತೆ ಆರಂಭವಾದದ್ದು ಈ ಶತಮಾನದ ಮೊದಲ ದಶಕದಲ್ಲಿ. ಇಪ್ಪತ್ತನೆಯ ಸಂತೆ 2023ರ ಜನವರಿಯಲ್ಲಿ ನಡೆಯಿತು. ಇತ್ತೀಚಿನ ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಿಂದ ಸುಮಾರು 1,500 ಕಲಾವಿದರು ಇಲ್ಲಿಗೆ ಬರುತ್ತಿದ್ದಾರೆ, ನೋಡುಗರಂತೂ ಲಕ್ಷಗಟ್ಟಲೆ ಸೇರುತ್ತಾರೆ. ‘ಮನೆಗೊಂದು ಕಲಾಕೃತಿ’ ಎಂಬುದು ಸಂತೆಯ ಆಶಯವಾಕ್ಯ.

ದೊಡ್ಡ ನಗರಗಳ ಬೇರೆ ಕಲಾಮೇಳಗಳಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವನ್ನು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ದೆಹಲಿಯಲ್ಲಿ 2008ರಲ್ಲಿ ಆರಂಭವಾದ, ಈಗ ಇಂಡಿಯಾ ಆರ್ಟ್ ಫೇರ್ ಎಂದು ಕರೆಯಲ್ಪಡುವ ಮೇಳದಲ್ಲಿ ಮಳಿಗೆ ತೆರೆಯುವುದು ಹೆಚ್ಚಾಗಿ ಗ್ಯಾಲರಿಗಳು. ಅಲ್ಲಿ ಕೃತಿಯ ಪಕ್ಕದಲ್ಲಿ ನಿಂತು ಮಾತನಾಡುವವರು ಗ್ಯಾಲರಿಯ ಸಿಬ್ಬಂದಿ. ಚಿತ್ರಸಂತೆಯಲ್ಲಿ ಮಧ್ಯವರ್ತಿಗಳಿಲ್ಲ. ಬಿಸಿಲಿಗೆ ಟೋಪಿ ಹಾಕಿಕೊಂಡು ಚಿತ್ರದ ಪಕ್ಕದಲ್ಲಿ ನಿಂತಿರುವವರೇ ಅದನ್ನು ಬರೆದವರು. ಸಂತೆಯ ನಿಜವಾದ ಸಂಪತ್ತು ಇದೇ ಎಂಬುದು ನನ್ನ ದೃಢವಾದ ನಂಬಿಕೆ. ಮುಂದಿನ ಉತ್ತರಗಳಲ್ಲಿ ಬಹುಪಾಲು ಸಲಹೆಗಳು ಈ ನಂಬಿಕೆಯಿಂದಲೇ ಹುಟ್ಟಿದವು.

ಸಂತೆ ಯಾವ ದಿನ ನಡೆಯುತ್ತದೆ? ಪ್ರವೇಶ ಶುಲ್ಕ ಇದೆಯೇ?

ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ ನಡೆಯುತ್ತದೆ. 2024ರಲ್ಲಿ ಜನವರಿ 7ರಂದು, 2025ರಲ್ಲಿ ಜನವರಿ 5ರಂದು ನಡೆಯಿತು. 2023ರಲ್ಲಿ ಹೊಸ ವರ್ಷದ ಮೊದಲ ದಿನವೇ ಭಾನುವಾರವಾಗಿತ್ತು, ಆ ಸಲದ ಸಂತೆ 8ರಂದು ನಡೆಯಿತು. ಕೋವಿಡ್ ಕಾಲದಲ್ಲಿ, 2021ರಲ್ಲಿ, ಸಂತೆಯನ್ನು ಆನ್‌ಲೈನಿನಲ್ಲಿ ನಡೆಸಬೇಕಾಯಿತು. ಆದ್ದರಿಂದ ಊರಿನಿಂದ ರೈಲು ಟಿಕೆಟ್ ಕಾಯ್ದಿರಿಸುವವರು ಪರಿಷತ್ತಿನ ಪ್ರಕಟಣೆಯನ್ನು ನೋಡಿಕೊಂಡೇ ಕಾಯ್ದಿರಿಸಬೇಕು. ನೋಡುಗರಿಗೆ ಪ್ರವೇಶ ಉಚಿತ. ಬೆಳಿಗ್ಗೆಯಿಂದ ರಾತ್ರಿಯ ತನಕ ಮಳಿಗೆಗಳು ತೆರೆದಿರುತ್ತವೆ.

ಅಲ್ಲಿಗೆ ತಲುಪುವುದು ಹೇಗೆ?

ಸ್ವಂತ ಕಾರಿನಲ್ಲಿ ಹೋಗದಿರುವುದೇ ಉತ್ತಮ. ಅಂದು ವಿಂಡ್ಸರ್ ಮ್ಯಾನರ್ ಸೇತುವೆಯ ಕಡೆಯಿಂದ ಶಿವಾನಂದ ವೃತ್ತದವರೆಗೆ ಕುಮಾರಕೃಪಾ ರಸ್ತೆಯಲ್ಲಿ ವಾಹನ ಸಂಚಾರ ಬಂದ್ ಆಗಿರುತ್ತದೆ, ಸುತ್ತಲಿನ ರಸ್ತೆಗಳಲ್ಲಿ ವಾಹನ ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಮೆಟ್ರೊದಲ್ಲಿ ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ನಿಲ್ದಾಣ, ಮೆಜೆಸ್ಟಿಕ್ ಅಥವಾ ವಿಧಾನಸೌಧ ನಿಲ್ದಾಣದಲ್ಲಿ ಇಳಿದು ಆಟೊ ಹಿಡಿಯಬಹುದು; ಹಿಂದಿನ ಸಂತೆಗಳಲ್ಲಿ ಈ ನಿಲ್ದಾಣಗಳಿಂದ ಸಂತೆಗೆ ಫೀಡರ್ ಬಸ್ಸುಗಳ ವ್ಯವಸ್ಥೆಯನ್ನೂ ಮಾಡಲಾಗಿತ್ತು. ನಡೆಯಬಲ್ಲವರಿಗೆ ಶೇಷಾದ್ರಿಪುರದ ಕಡೆಯಿಂದ ಶಿವಾನಂದ ವೃತ್ತದ ಮೂಲಕ ಬರುವ ದಾರಿ ಅನುಕೂಲ.

ಯಾವ ಹೊತ್ತಿನಲ್ಲಿ ಹೋದರೆ ನೆಮ್ಮದಿಯಾಗಿ ನೋಡಬಹುದು?

ಬೆಳಿಗ್ಗೆ ಎಂಟರಿಂದ ಹತ್ತೂವರೆಯವರೆಗೆ. ಆ ಹೊತ್ತಿನಲ್ಲಿ ಕಲಾವಿದರು ಹಗ್ಗ ಕಟ್ಟಿ, ಚಿತ್ರಗಳನ್ನು ಕ್ಲಿಪ್ಪಿನಿಂದ ಸಿಕ್ಕಿಸುತ್ತಲೋ ಕಾಂಪೌಂಡ್ ಗೋಡೆಗೆ ಒರಗಿಸಿ ಸಾಲಾಗಿ ಜೋಡಿಸುತ್ತಲೋ ಇರುತ್ತಾರೆ, ಮಾತನಾಡಲು ಅವರಿಗೂ ಪುರುಸೊತ್ತು ಇರುತ್ತದೆ, ಎಳೆಬಿಸಿಲಿನಲ್ಲಿ ಬಣ್ಣಗಳೂ ಇದ್ದಂತೆಯೇ ಕಾಣುತ್ತವೆ. ಹನ್ನೊಂದರ ನಂತರ ಜನಸಂದಣಿ ಏರುತ್ತಾ ಹೋಗಿ, ಮಧ್ಯಾಹ್ನ ಮೂರರ ಹೊತ್ತಿಗೆ ಒಂದು ಚಿತ್ರದ ಮುಂದೆ ಎರಡು ನಿಮಿಷ ನಿಲ್ಲುವುದೂ ಕಷ್ಟವಾಗುತ್ತದೆ. ಸಂಜೆ ಆರರ ಮೇಲೆ ಜನ ಸ್ವಲ್ಪ ಕಡಿಮೆಯಾದರೂ ದೀಪದ ಬೆಳಕಿನಲ್ಲಿ ಬಣ್ಣ ನಿರ್ಧರಿಸುವುದು ಸರಿಯಲ್ಲ: ಹಳದಿ ದೀಪದಡಿ ನೀಲಿ ಮಂಕಾಗುತ್ತದೆ, ಬಿಳಿ ಎಲ್‌ಇಡಿಯಡಿ ಕಾವಿ ಬಣ್ಣ ಸಪ್ಪೆಯಾಗುತ್ತದೆ. ಕೊಳ್ಳುವ ಉದ್ದೇಶ ಇದ್ದರೆ ಹಗಲಿನಲ್ಲಿಯೇ ಆಯ್ದುಕೊಳ್ಳಬೇಕು.

ಬೀದಿಯಲ್ಲಿ ಮಾರುವುದನ್ನು ಸಮಕಾಲೀನ ಕಲೆ ಎನ್ನಬಹುದೇ?

ಈ ಪ್ರಶ್ನೆಯನ್ನು ಕಲಾವಲಯದ ಒಳಗಿನವರೂ ಕೇಳುತ್ತಾರೆ, ಆದ್ದರಿಂದ ಸ್ವಲ್ಪ ವಿವರವಾಗಿ ಉತ್ತರಿಸುವುದು ಅಗತ್ಯ. ಸಂತೆಯಲ್ಲಿ ಎಲ್ಲ ಬಗೆಯೂ ಇರುತ್ತದೆ. ಮೈಸೂರು ಮತ್ತು ತಂಜಾವೂರು ಶೈಲಿಯ ದೇವರ ಚಿತ್ರಗಳು, ಬಿಹಾರದ ಮಧುಬನಿ, ಮಹಾರಾಷ್ಟ್ರದ ವಾರ್ಲಿ, ಹಂಪಿಯ ಕಲ್ಲಿನ ರಥದ ಜಲವರ್ಣಗಳು, ಕುದುರೆಗಳು, ಬುದ್ಧನ ಮುಖಗಳು ಇವೆಲ್ಲ ಹೇರಳವಾಗಿ ಕಾಣುತ್ತವೆ. ಇವುಗಳಲ್ಲಿ ಕೆಲವು ಬೇಡಿಕೆಯನ್ನು ನೋಡಿ ಒಂದರ ಹಿಂದೊಂದು ಬರೆದವು ಎಂಬುದೂ ನಿಜ. ಇವುಗಳ ನಡುವೆಯೇ ಕಲಾಶಾಲೆಯಿಂದ ಈಗಷ್ಟೇ ಹೊರಬಂದ ತರುಣರು ತಮ್ಮ ಊರಿನ ಬತ್ತಿದ ಕೆರೆಯನ್ನು, ನಗರದ ಕಟ್ಟಡ ಕಾರ್ಮಿಕರನ್ನು, ತಮ್ಮ ಮನೆಯ ಅಡುಗೆಕೋಣೆಯನ್ನು ವಿಷಯವಾಗಿಸಿಕೊಂಡು ಮಾಡಿದ ಮುದ್ರಣಗಳನ್ನೂ ರೇಖಾಚಿತ್ರಗಳನ್ನೂ ಹರಡಿಕೊಂಡು ಕುಳಿತಿರುತ್ತಾರೆ. ಅವುಗಳಲ್ಲಿ ಇಂದಿನ ಬದುಕಿನ ಮಾತು ಇದೆ, ಇಂದಿನ ಕೈ ಇದೆ. ಅವನ್ನು ಸಮಕಾಲೀನ ಎನ್ನದೆ ಬೇರೇನೆನ್ನಬೇಕು?

ಸಂತೆಯಲ್ಲಿ ಸಿಗದ್ದೂ ಬಹಳಷ್ಟಿದೆ. ಬೆಂಗಳೂರಿನಲ್ಲಿ ನೆಲೆಸಿರುವ ಶೀಲಾ ಗೌಡ ಅವರು ಸಗಣಿ, ಕುಂಕುಮ, ದಾರ, ಕೂದಲು, ಟಾರಿನ ಡ್ರಮ್ಮುಗಳಂಥ ವಸ್ತುಗಳಿಂದ ಕಟ್ಟುವ ಕೃತಿಗಳಿಗೆ ದೊಡ್ಡ ಕೋಣೆಯೇ ಬೇಕು. ಎನ್. ಪುಷ್ಪಮಾಲಾ ಅವರು ತಮ್ಮನ್ನೇ ಪಾತ್ರವಾಗಿಸಿಕೊಂಡು ಮಾಡುವ ಛಾಯಾಚಿತ್ರ ಸರಣಿಗಳನ್ನು ಗ್ಯಾಲರಿಯಲ್ಲಿ ಸಾಲಾಗಿ ನೋಡಬೇಕು. ಮೈಸೂರಿನ ಎನ್. ಎಸ್. ಹರ್ಷ ಅವರ ಊಟದ ಪಂಕ್ತಿಯಂತೆ ಸಾಲುಸಾಲಾಗಿ ಕುಳಿತ ನೂರಾರು ಪುಟ್ಟ ಮನುಷ್ಯರ ಚಿತ್ರಗಳು ಜಗತ್ತಿನ ವಸ್ತುಸಂಗ್ರಹಾಲಯಗಳನ್ನು ಸುತ್ತಿ ಬಂದಿವೆ. ಇಂಥ ಕೆಲಸಗಳಿಗೆ ಸಂತೆ ತಕ್ಕ ಜಾಗವಲ್ಲ. ಆದ್ದರಿಂದ ಸಂತೆಯನ್ನು ನೋಡಿ ‘ಕರ್ನಾಟಕದ ಇಂದಿನ ಕಲೆ ಇಷ್ಟೇ’ ಎಂದುಕೊಳ್ಳುವುದು ಸರಿಯಲ್ಲ, ‘ಇಲ್ಲಿ ಬರೀ ಅಲಂಕಾರದ ಚಿತ್ರಗಳು’ ಎಂದು ಮೂಗು ಮುರಿಯುವುದೂ ಸರಿಯಲ್ಲ. ಸಂತೆಯ ಜೊತೆಗೆ ಗ್ಯಾಲರಿಯನ್ನೂ ಸ್ಟುಡಿಯೋವನ್ನೂ ನೋಡಿದವರಿಗೆ ಮಾತ್ರ ಪೂರ್ಣ ಚಿತ್ರ ದೊರೆಯುತ್ತದೆ.

ಕಲೆಯ ಬಗ್ಗೆ ನನಗೆ ಏನೂ ತಿಳಿಯದು. ಹೇಗೆ ನೋಡಬೇಕು?

ಮೊದಲ ಸುತ್ತಿನಲ್ಲಿ ಏನನ್ನೂ ಕೊಳ್ಳದೆ, ಬೆಲೆಯನ್ನೂ ಕೇಳದೆ ರಸ್ತೆಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆಯಿರಿ. ಕಾಲು ತಾನಾಗಿ ನಿಂತ ಮಳಿಗೆಗಳ ಗುರುತನ್ನು ಮಾತ್ರ ಬರೆದಿಟ್ಟುಕೊಳ್ಳಿ. ಎರಡನೆಯ ಸುತ್ತಿನಲ್ಲಿ ಆ ಮಳಿಗೆಗಳಿಗೆ ಮರಳಿ ಹೋಗಿ, ಒಂದೊಂದು ಚಿತ್ರದ ಮುಂದೆ ಐದು ನಿಮಿಷವಾದರೂ ನಿಲ್ಲಿ. ಮೊದಲು ದೂರದಿಂದ ನೋಡಿ, ಆಮೇಲೆ ಹತ್ತಿರ ಹೋಗಿ. ದೂರದಿಂದ ಒಂದು ಮುಖವಾಗಿ ಕಂಡದ್ದು ಹತ್ತಿರದಲ್ಲಿ ಬರೀ ನಾಲ್ಕು ಹಸಿರು ಗೆರೆಗಳಾಗಿ ಕಾಣಬಹುದು. ಆ ನಾಲ್ಕು ಗೆರೆಗಳನ್ನು ಎಳೆಯುವುದಕ್ಕೆ ಕಲಾವಿದರು ಎಷ್ಟು ವರ್ಷ ಕೈ ಪಳಗಿಸಿರಬೇಕು ಎಂಬುದು ಆಗ ಅರ್ಥವಾಗುತ್ತದೆ.

‘ಇದರ ಅರ್ಥ ಏನು’ ಎಂಬ ಪ್ರಶ್ನೆಗೆ ಅವಸರ ಬೇಡ. ಕಣ್ಣು ಮೊದಲು ಎಲ್ಲಿ ಹೋಯಿತು, ಅಲ್ಲಿಂದ ಎಲ್ಲಿಗೆ ಹರಿಯಿತು, ಯಾವ ಜಾಗವನ್ನು ಖಾಲಿ ಬಿಟ್ಟಿದ್ದಾರೆ, ಆ ಖಾಲಿ ಜಾಗವನ್ನು ಬಣ್ಣದಿಂದ ತುಂಬಿಬಿಟ್ಟಿದ್ದರೆ ಏನು ಕಳೆದುಹೋಗುತ್ತಿತ್ತು ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಒಂದು ರಾಗವನ್ನು ಹೆಸರು ತಿಳಿಯದೆಯೂ ಕೇಳಿ ಸುಖಿಸುವ ನಾವು, ಚಿತ್ರದ ಮುಂದೆ ಮಾತ್ರ ಪರೀಕ್ಷೆಗೆ ಕೂತವರಂತೆ ಅಳುಕಬೇಕಾಗಿಲ್ಲ.

ಕಲಾವಿದರ ಜೊತೆ ಏನು ಮಾತನಾಡಬೇಕು?

ಯಾವ ಊರಿನವರು, ಎಲ್ಲಿ ಕಲಿತರು, ಈ ಚಿತ್ರಕ್ಕೆ ಯಾವ ಕಾಗದ ಅಥವಾ ಯಾವ ಬಣ್ಣ ಬಳಸಿದರು, ಎಷ್ಟು ದಿನ ಹಿಡಿಯಿತು, ಇದೇ ಸರಣಿಯಲ್ಲಿ ಬೇರೆ ಚಿತ್ರಗಳಿವೆಯೇ ಎಂದು ಕೇಳಬಹುದು. ತಾಂತ್ರಿಕ ಪ್ರಶ್ನೆಗಳಿಗೆ ಕಲಾವಿದರು ಬಹಳ ಸಂತೋಷದಿಂದ ಉತ್ತರಿಸುತ್ತಾರೆ. ಕಲಬುರಗಿ, ಬಾದಾಮಿ, ಶಿರಸಿಯ ಕಡೆಯಿಂದ ರಾತ್ರಿ ಬಸ್ಸಿನಲ್ಲಿ ಚಿತ್ರದ ಕಟ್ಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಬಂದವರಿಗೆ, ಒಬ್ಬರು ನಿಂತು ಕಾಗದದ ಬಗ್ಗೆ ಕೇಳಿದರೆಂಬುದೇ ದೊಡ್ಡ ಗೌರವ. ಕೊಳ್ಳುವ ಉದ್ದೇಶ ಇಲ್ಲದಿದ್ದರೂ ಮಾತನಾಡಬಹುದು. ಹಿಂದೆ ಕೊಳ್ಳುವವರು ಕಾಯುತ್ತಿದ್ದರೆ ಮಾತ್ರ ಅವರಿಗೆ ದಾರಿ ಬಿಡಿ.

ಹೇಳಬಾರದ ಮಾತೂ ಒಂದಿದೆ. ‘ಇದನ್ನು ನನ್ನ ಮಗಳೂ ಬರೆಯುತ್ತಾಳೆ’ ಎಂಬ ಮಾತನ್ನು ಹೊಗಳಿಕೆಯ ದನಿಯಲ್ಲಿ ಹೇಳಿದರೂ ಅದು ನೋಯಿಸುತ್ತದೆ.

ಫೋಟೋ ತೆಗೆಯಬಹುದೇ?

ಕೇಳಿ ತೆಗೆಯಿರಿ. ರಸ್ತೆಯ ನೋಟವನ್ನು, ಜನರ ಗುಂಪನ್ನು ತೆಗೆಯುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಒಂದೇ ಕೃತಿಯನ್ನು ಹತ್ತಿರದಿಂದ ತೆಗೆಯುವಾಗ ಒಪ್ಪಿಗೆ ಅಗತ್ಯ, ಏಕೆಂದರೆ ಹಾಗೆ ತೆಗೆದ ಫೋಟೋಗಳಿಂದ ಕ್ಯಾನ್ವಾಸಿನ ಮೇಲೆ ಡಿಜಿಟಲ್ ಮುದ್ರಣ ಮಾಡಿಸಿ ಮಾರುವವರು ಇದ್ದಾರೆ. ಹಂಚಿಕೊಳ್ಳುವಾಗ ಕಲಾವಿದರ ಹೆಸರನ್ನು ತಪ್ಪದೆ ಬರೆಯಿರಿ.

ಬೆಲೆ ಎಷ್ಟಿರುತ್ತದೆ? ಚೌಕಾಸಿ ಮಾಡಬಹುದೇ?

ನೂರು ರೂಪಾಯಿಯ ಪುಟ್ಟ ಚಿತ್ರದಿಂದ ಲಕ್ಷಗಳ ಕ್ಯಾನ್ವಾಸಿನವರೆಗೆ ಇರುತ್ತದೆ. ನಿಮ್ಮ ಮುಖವನ್ನು ಪೆನ್ಸಿಲಿನಲ್ಲೋ ಇದ್ದಿಲಿನಲ್ಲೋ ನಿಮ್ಮೆದುರೇ ಬರೆದುಕೊಡುವವರೂ ಇರುತ್ತಾರೆ. ಮನೆಗೆ ಮೊದಲ ಮೂಲಕೃತಿಯನ್ನು ತರುವವರಿಗೆ ಸಣ್ಣ ಜಲವರ್ಣ, ರೇಖಾಚಿತ್ರ ಅಥವಾ ಮುದ್ರಣಕಲೆಯ ಕೃತಿ ಒಳ್ಳೆಯ ಆರಂಭ.

ಚೌಕಾಸಿಯ ವಿಷಯಕ್ಕೆ ಬಂದರೆ, ಹೆಸರಿನಲ್ಲಿ ಸಂತೆ ಇದೆ ಎಂದು ತರಕಾರಿ ಸಂತೆಯ ರೀತಿಯಲ್ಲಿ ಅರ್ಧ ಬೆಲೆಗೆ ಕೇಳುವುದು ಯೋಗ್ಯವಲ್ಲ. ಕಲಾವಿದರ ಲೆಕ್ಕವನ್ನು ಸ್ವಲ್ಪ ಯೋಚಿಸಿ ನೋಡಿ. ಒಳ್ಳೆಯ ಜಲವರ್ಣದ ಕಾಗದ, ಬಣ್ಣ, ಕಟ್ಟು, ಪ್ರಯಾಣ, ಊಟ, ಇವೆಲ್ಲವನ್ನೂ ಕಳೆದ ಮೇಲೆ ಉಳಿಯುವುದೇ ಅವರ ಕೂಲಿ. ಆ ಕೂಲಿಯಲ್ಲಿ ಮಾರಾಟವಾಗದೆ ಊರಿಗೆ ಮರಳುವ ಚಿತ್ರಗಳ ಶ್ರಮವೂ ಸೇರಿರಬೇಕು. ಎರಡು ಮೂರು ಚಿತ್ರಗಳನ್ನು ಒಟ್ಟಿಗೆ ಕೊಳ್ಳುವಾಗ ‘ಸ್ವಲ್ಪ ನೋಡಿ ಹೇಳಿ’ ಎಂದು ವಿನಯದಿಂದ ಕೇಳಬಹುದು. ಕಲಾವಿದರು ಒಪ್ಪದಿದ್ದರೆ ಅಲ್ಲಿಗೇ ಬಿಡಬೇಕು. ಸಂಜೆಯಾದ ಮೇಲೆ, ದಣಿದು ಗಂಟು ಕಟ್ಟುತ್ತಿರುವಾಗ ಹೋಗಿ, ಹೇಗೂ ಹೊತ್ತುಕೊಂಡು ಹೋಗಬೇಕಲ್ಲ ಎಂದು ಬೆಲೆ ಇಳಿಸುವ ಅಭ್ಯಾಸ ಕೆಲವರಿಗೆ ಇದೆ. ಅದು ಕಲೆಯನ್ನು ಪ್ರೀತಿಸುವವರು ಮಾಡುವ ಕೆಲಸವಲ್ಲ ಎಂದು ನೇರವಾಗಿ ಹೇಳಬಯಸುತ್ತೇನೆ.

ಮೂಲಕೃತಿ ಯಾವುದು, ನಕಲು ಯಾವುದು ಎಂದು ತಿಳಿಯುವುದು ಹೇಗೆ?

ಚಿತ್ರವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕುಂಚದಿಂದ ಬರೆದ ತೈಲವರ್ಣ ಅಥವಾ ಅಕ್ರಿಲಿಕ್ ಆಗಿದ್ದರೆ ಬಣ್ಣ ಕೆಲವೆಡೆ ದಪ್ಪ, ಕೆಲವೆಡೆ ತೆಳುವಾಗಿರುತ್ತದೆ, ಕುಂಚದ ಕೂದಲು ಎಳೆದ ಗೆರೆ ಕಾಣುತ್ತದೆ. ಡಿಜಿಟಲ್ ಮುದ್ರಣವಾಗಿದ್ದರೆ ಮೇಲ್ಮೈ ಎಲ್ಲೆಡೆ ಒಂದೇ ಸಮನಾಗಿರುತ್ತದೆ, ಭೂತಗನ್ನಡಿಯಲ್ಲಿ ಪುಟ್ಟ ಪುಟ್ಟ ಚುಕ್ಕೆಗಳು ಕಾಣುತ್ತವೆ. ಮುದ್ರಣದ ಮೇಲೆ ಪಾರದರ್ಶಕ ಅಂಟನ್ನು ಕುಂಚದಿಂದ ಬಳಿದು ಕುಂಚದ ಗೆರೆಯ ಭ್ರಮೆ ಹುಟ್ಟಿಸುವುದೂ ಉಂಟು. ಆಗ ಆ ಗೆರೆಗಳಿಗೂ ಚಿತ್ರದ ಆಕಾರಗಳಿಗೂ ಹೊಂದಾಣಿಕೆ ಇರುವುದಿಲ್ಲ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿ ಹೇಳಬೇಕು. ಎಚಿಂಗ್, ಉಡ್‌ಕಟ್, ಲಿಥೋಗ್ರಾಫ್ ಇವು ಮುದ್ರಣಗಳೇ ಆದರೂ ನಕಲುಗಳಲ್ಲ, ಮೂಲಕೃತಿಗಳೇ. ಕಲಾವಿದರು ಎಚಿಂಗಿಗೆ ಲೋಹದ ತಟ್ಟೆಯನ್ನೋ ಉಡ್‌ಕಟ್ಟಿಗೆ ಮರದ ಹಲಗೆಯನ್ನೋ ತಾವೇ ಕೊರೆದು, ಲಿಥೋಗ್ರಾಫಿಗಾದರೆ ಕಲ್ಲಿನ ಮೇಲೆ ತಾವೇ ಬರೆದು, ಕೈಯಿಂದ ಶಾಯಿ ಹಚ್ಚಿ, ನಿಗದಿತ ಸಂಖ್ಯೆಯ ಪ್ರತಿಗಳನ್ನು ಮಾತ್ರ ತೆಗೆಯುತ್ತಾರೆ. ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ 4/15 ಎಂದು ಬರೆದಿದ್ದರೆ, ಹದಿನೈದು ಪ್ರತಿಗಳಲ್ಲಿ ಅದು ನಾಲ್ಕನೆಯದು ಎಂದರ್ಥ. ಪಕ್ಕದಲ್ಲಿ ಕಲಾವಿದರ ಸಹಿ ಮತ್ತು ವರ್ಷ ಇರಬೇಕು. ಎಚಿಂಗ್ ಆಗಿದ್ದರೆ ತಟ್ಟೆಯ ಅಂಚು ಕಾಗದದಲ್ಲಿ ಒತ್ತಿದ ಗುರುತನ್ನು ಬೆರಳಿಟ್ಟು ಮುಟ್ಟದೆಯೂ ಕಾಣಬಹುದು. ಒಂದೇ ಚಿತ್ರಕ್ಕೆ ಹಲವು ಪ್ರತಿಗಳಿರುವುದರಿಂದ ಬೆಲೆ ಕಡಿಮೆ, ಆದರೆ ಗುಣ ಕಡಿಮೆಯಲ್ಲ.

ಮೈಸೂರು ಚಿತ್ರಕ್ಕೂ ತಂಜಾವೂರು ಚಿತ್ರಕ್ಕೂ ಏನು ವ್ಯತ್ಯಾಸ?

ಎರಡರಲ್ಲೂ ಚಿನ್ನದ ರೇಕು ಇರುತ್ತದೆ. ತಂಜಾವೂರಿನಲ್ಲಿ ಉಬ್ಬು ಕೆಲಸ ದಪ್ಪ, ಹರಳುಗಳನ್ನೂ ಕೂರಿಸುತ್ತಾರೆ, ನೋಟ ವೈಭವದ್ದು. ಮೈಸೂರು ಶೈಲಿಯಲ್ಲಿ ಉಬ್ಬು ಬಹಳ ತೆಳು, ಗೆರೆ ನಯ, ಆಭರಣದ ಒಂದೊಂದು ಮಣಿಯೂ ಕುಂಚದ್ದೇ. ಪರಿಷತ್ತಿನ ಒಳಗಿನ ಸಂಗ್ರಹಾಲಯದಲ್ಲಿ ಹಳೆಯ ಮೈಸೂರು ಚಿತ್ರಗಳಿವೆ, ತೊಗಲುಬೊಂಬೆಗಳೂ ಇವೆ. ಕೊಳ್ಳುವ ಮೊದಲು ಅವುಗಳನ್ನು ನೋಡಿ ಬಂದರೆ ಕಣ್ಣಿಗೆ ಒಂದು ಅಳತೆ ಸಿಗುತ್ತದೆ.

ಕೊಂಡ ಮೇಲೆ ಯಾವ ದಾಖಲೆ ಪಡೆಯಬೇಕು? ಚಿತ್ರದ ಹಕ್ಕು ನನ್ನದಾಗುತ್ತದೆಯೇ?

ಕೃತಿಯ ಹೆಸರು, ಅಳತೆ, ಮಾಧ್ಯಮ, ವರ್ಷ, ಬೆಲೆ ಇವಿಷ್ಟನ್ನೂ ಬರೆದು ಸಹಿ ಮಾಡಿದ ರಸೀದಿಯನ್ನು ಕೇಳಿ ಪಡೆಯಿರಿ. ಕೃತಿಯ ಹಿಂಬದಿಯಲ್ಲಿಯೂ ಕಲಾವಿದರ ಹೆಸರು ಇದೆಯೇ ನೋಡಿಕೊಳ್ಳಿ. ಚಿತ್ರದ ಜೊತೆ ಕಲಾವಿದರ ಫೋಟೋ ತೆಗೆದಿಟ್ಟುಕೊಳ್ಳುವುದೂ ಒಳ್ಳೆಯ ಅಭ್ಯಾಸ. ಇಪ್ಪತ್ತು ವರ್ಷಗಳ ನಂತರ ಆ ಕಲಾವಿದರ ಹೆಸರು ದೊಡ್ಡದಾದಾಗ ಇವೇ ಕಾಗದಗಳು ಸಾಕ್ಷಿಯಾಗುತ್ತವೆ.

ಚಿತ್ರ ನಿಮ್ಮದು, ಹಕ್ಕುಸ್ವಾಮ್ಯ ಕಲಾವಿದರದು. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ, ಲಿಖಿತವಾಗಿ ಬರೆದುಕೊಡದ ಹೊರತು, ಕಲಾವಿದರ ಜೀವಿತಾವಧಿ ಮತ್ತು ಆಮೇಲಿನ 60 ವರ್ಷಗಳ ತನಕ ಅದು ಅವರ ಮತ್ತು ಅವರ ವಾರಸುದಾರರ ಬಳಿಯೇ ಇರುತ್ತದೆ. ಗೋಡೆಗೆ ತೂಗುಹಾಕಬಹುದು, ಉಡುಗೊರೆ ಕೊಡಬಹುದು, ಮಾರಲೂಬಹುದು. ನಿಮ್ಮ ಸಂಸ್ಥೆಯ ಕ್ಯಾಲೆಂಡರಿಗೋ ಮದುವೆಯ ಆಮಂತ್ರಣಕ್ಕೋ ಅದನ್ನು ಮುದ್ರಿಸಬೇಕಾದರೆ ಅವರ ಒಪ್ಪಿಗೆ ಬೇಕು.

ಮನೆಗೆ ಸಾಗಿಸುವುದು, ಕಟ್ಟು ಹಾಕಿಸುವುದು ಹೇಗೆ?

ಕಾಗದದ ಚಿತ್ರವನ್ನು ಎರಡು ರಟ್ಟಿನ ನಡುವೆ ಮಟ್ಟಸವಾಗಿಟ್ಟು ಒಯ್ಯಬೇಕು. ಕ್ಯಾನ್ವಾಸನ್ನು ಸುರುಳಿ ಸುತ್ತುವುದಾದರೆ ಬಣ್ಣದ ಮುಖ ಹೊರಗಿರಲಿ, ದಪ್ಪನೆಯ ಕೊಳವೆಗೆ ಸಡಿಲವಾಗಿ ಸುತ್ತಿ. ಬಣ್ಣ ಒಳಮುಖವಾಗಿ ಬಿಗಿಯಾಗಿ ಸುತ್ತಿದರೆ ಅದು ಸುಕ್ಕಾಗಿ ಬಿರುಕು ಬಿಡುತ್ತದೆ. ತೈಲವರ್ಣ ಪೂರ್ತಿ ಒಣಗಲು ತಿಂಗಳುಗಳೇ ಬೇಕಾಗುವುದರಿಂದ ಯಾವಾಗ ಬರೆದದ್ದು ಎಂದು ಕೇಳಿಕೊಳ್ಳಿ, ಹಸಿಯಾಗಿದ್ದರೆ ಪ್ಲಾಸ್ಟಿಕ್ ಹೊದಿಸಬೇಡಿ.

ಜಲವರ್ಣ, ರೇಖಾಚಿತ್ರ ಮತ್ತು ಮುದ್ರಣಗಳಿಗೆ ಗಾಜಿನ ಕಟ್ಟು ಬೇಕು. ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಮೌಂಟ್ ಬೋರ್ಡ್ ಇರಿಸಬೇಕು, ಅದು ಆಮ್ಲರಹಿತವಾಗಿದ್ದರೆ ಕಾಗದ ಹಳದಿಯಾಗುವುದಿಲ್ಲ. ಕಟ್ಟು ಹಾಕುವವರು ಚಿತ್ರವನ್ನು ಹಲಗೆಗೆ ಫೆವಿಕಾಲಿನಿಂದ ಅಂಟಿಸಲು ಹೊರಟರೆ ದಯವಿಟ್ಟು ತಡೆಯಿರಿ. ನೇರ ಬಿಸಿಲು ಬೀಳುವ ಗೋಡೆ, ಮಳೆಗಾಲದಲ್ಲಿ ತೇವ ಹಿಡಿಯುವ ಗೋಡೆ, ದೇವರ ಮನೆಯ ದೀಪದ ಹೊಗೆ ತಾಗುವ ಜಾಗ, ಈ ಮೂರೂ ಬೇಡ. ಮಲೆನಾಡು, ಕರಾವಳಿಯವರು ಕಟ್ಟಿನ ಹಿಂಬದಿಗೆ ಪುಟ್ಟ ಬಿರಡೆಗಳನ್ನು ಅಂಟಿಸಿ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುವಂತೆ ಮಾಡಿಕೊಂಡರೆ ಬೂಷ್ಟು ಹಿಡಿಯುವುದು ಕಡಿಮೆಯಾಗುತ್ತದೆ.

ಕಲಾವಿದರ ಸ್ಟುಡಿಯೋಗಳನ್ನು ನೋಡಲು ಸಾಧ್ಯವೇ? ಎಲ್ಲಿವೆ?

ಸಾಧ್ಯ, ಮತ್ತು ಸಂತೆಗಿಂತ ಹೆಚ್ಚು ಕಲಿಯಬಹುದಾದ ಜಾಗ ಅದು. ಬೆಂಗಳೂರಿನಲ್ಲಿ ಸ್ಟುಡಿಯೋಗಳೆಲ್ಲ ಒಂದೇ ಬಡಾವಣೆಯಲ್ಲಿ ಇಲ್ಲ. ಹಲವರಿಗೆ ಮನೆಯ ಮಹಡಿಯ ಕೋಣೆಯೇ ಸ್ಟುಡಿಯೋ, ಶಿಲ್ಪಿಗಳು ಶಬ್ದ ಮತ್ತು ದೂಳಿನ ಕಾರಣದಿಂದ ನಗರದ ಹೊರವಲಯದಲ್ಲಿ ಶೆಡ್ಡು ಹಾಕಿಕೊಂಡಿರುತ್ತಾರೆ, ತರುಣರು ಮೂರು ನಾಲ್ಕು ಜನ ಸೇರಿ ಬಾಡಿಗೆ ಮನೆ ಹಿಡಿದಿರುತ್ತಾರೆ. ಸಂತೆಯಲ್ಲಿ ಮಾತನಾಡಿಸಿದ ಕಲಾವಿದರ ಬಳಿ ‘ಒಂದು ದಿನ ನಿಮ್ಮ ಸ್ಟುಡಿಯೋಗೆ ಬರಬಹುದೇ’ ಎಂದು ಕೇಳುವುದೇ ಅತ್ಯಂತ ಸರಳವಾದ ದಾರಿ. ಬಹಳ ಜನ ಒಪ್ಪುತ್ತಾರೆ.

ಸಾರ್ವಜನಿಕರಿಗೆ ತೆರೆದಿರುವ ಜಾಗಗಳೂ ಇವೆ. ಶಾಂತಿನಗರದಲ್ಲಿ ಕಲಾ ಇತಿಹಾಸಕಾರ ಸುರೇಶ್ ಜಯರಾಮ್ ಅವರು 2003ರಲ್ಲಿ ಆರಂಭಿಸಿದ ‘ನಂ. 1 ಶಾಂತಿರೋಡ್’ ಅವುಗಳಲ್ಲಿ ಮುಖ್ಯವಾದದ್ದು. ಮನೆ, ಸ್ಟುಡಿಯೋ, ಗ್ಯಾಲರಿ ಮೂರೂ ಒಂದೇ ಸೂರಿನಡಿ ಇರುವ ಈ ಜಾಗಕ್ಕೆ ದೇಶ ವಿದೇಶಗಳ ಕಲಾವಿದರು ಬಂದು ಕೆಲವು ವಾರ ಉಳಿದು ಕೆಲಸ ಮಾಡುತ್ತಾರೆ. ಕೊನೆಯಲ್ಲಿ ತಾವು ಮಾಡಿದ್ದನ್ನು ತೋರಿಸಿ ಮಾತನಾಡುತ್ತಾರೆ. ಅಂಥ ಸಂಜೆಗಳಿಗೆ ಯಾರು ಬೇಕಾದರೂ ಹೋಗಬಹುದು. ಕಲಾಶಾಲೆಗಳ ವಾರ್ಷಿಕ ಪ್ರದರ್ಶನವೂ ಒಂದು ಬಗೆಯ ಸ್ಟುಡಿಯೋ ಭೇಟಿಯೇ. ಪರಿಷತ್ತಿನದೇ ಕಾಲೇಜು ಇದೆ, ಶೇಷಾದ್ರಿಪುರದ ಕಡೆ ಆರ್. ಎಂ. ಹಡಪದ್ ಅವರು ಕಟ್ಟಿದ ಕೆನ್ ಕಲಾಶಾಲೆ ಇದೆ. ಪ್ರದರ್ಶನದ ದಿನಗಳಲ್ಲಿ ವಿದ್ಯಾರ್ಥಿಗಳು ತಮ್ಮ ಕೆಲಸದ ಪಕ್ಕದಲ್ಲಿಯೇ ಇದ್ದು ಎಲ್ಲವನ್ನೂ ಉತ್ಸಾಹದಿಂದ ವಿವರಿಸುತ್ತಾರೆ.

ಸ್ಟುಡಿಯೋದಲ್ಲಿ ಏನು ನೋಡಲು ಸಿಗುತ್ತದೆ?

ಸಂತೆಯಲ್ಲಿ ನೋಡುವುದು ಮುಗಿದ ಕೆಲಸ, ಸ್ಟುಡಿಯೋದಲ್ಲಿ ನೋಡುವುದು ನಡೆಯುತ್ತಿರುವ ಕೆಲಸ. ಉದಾಹರಣೆಗೆ, ಎಚಿಂಗ್ ಮಾಡುವ ಕಲಾವಿದರ ಬಳಿ ಹೋದರೆ ಮೊದಲು ಮೂಗಿಗೆ ಬಡಿಯುವುದು ಶಾಯಿ ಮತ್ತು ಸೀಮೆಎಣ್ಣೆಯ ವಾಸನೆ. ಆಮ್ಲ ತಾಗದಂಥ ತೆಳುಲೇಪ ಹಚ್ಚಿದ ಸತುವಿನ ತಟ್ಟೆಯ ಮೇಲೆ ಸೂಜಿಯಿಂದ ಗೆರೆ ಎಳೆಯುತ್ತಾರೆ, ಸೂಜಿ ಹಾದುಹೋದಲ್ಲಿ ಲೇಪ ಕಿತ್ತು ಲೋಹ ಹೊಳೆಯುತ್ತದೆ. ತಟ್ಟೆಯನ್ನು ಆಮ್ಲದಲ್ಲಿ ಇಳಿಬಿಟ್ಟಾಗ ಆ ಗೆರೆಗಳ ಮೇಲೆ ಮಾತ್ರ ಸಣ್ಣ ಗುಳ್ಳೆಗಳು ಏಳುತ್ತವೆ. ಗುಳ್ಳೆಗಳನ್ನು ಕೋಳಿಯ ಗರಿಯಿಂದ ನಯವಾಗಿ ಸವರಿ ತೆಗೆಯುವವರೂ ಇದ್ದಾರೆ. ಎಷ್ಟು ಹೊತ್ತು ಬಿಟ್ಟರೋ ಗೆರೆ ಅಷ್ಟು ಆಳ, ಅಷ್ಟು ಕಪ್ಪು. ಆಮೇಲೆ ತಟ್ಟೆಯ ತುಂಬ ಶಾಯಿ ಬಳಿದು, ತೆಳುಬಟ್ಟೆಯಿಂದ ಒರೆಸಿ, ಕೊನೆಗೆ ಅಂಗೈಯಿಂದಲೇ ಉಜ್ಜುತ್ತಾರೆ: ಮೇಲ್ಮೈ ಶುಭ್ರವಾಗಿ, ಗೆರೆಯೊಳಗಿನ ಶಾಯಿ ಮಾತ್ರ ಉಳಿಯಬೇಕು. ನೆನೆಸಿ ಹೆಚ್ಚಿನ ನೀರನ್ನಷ್ಟೇ ಆರಿಸಿದ ಕಾಗದವನ್ನು ತಟ್ಟೆಯ ಮೇಲೆ ಹಾಸಿ, ಅದರ ಮೇಲೆ ಉಣ್ಣೆಯ ಕಂಬಳಿ ಹೊದಿಸಿ, ಮುದ್ರಣ ಯಂತ್ರದ ಚಕ್ರವನ್ನು ನಿಧಾನವಾಗಿ ತಿರುಗಿಸಿ, ಕಾಗದದ ಒಂದು ಮೂಲೆಯನ್ನು ಹಿಡಿದು ಎತ್ತುವಾಗ ಚಿತ್ರ ಎಡಬಲವಾಗಿ ತಿರುಗಿ ಮೂಡಿರುತ್ತದೆ. ಕಲಾವಿದರು ಅದನ್ನು ಬಹಳ ಹೊತ್ತು ನೋಡಿ, ‘ಆಮ್ಲ ಇನ್ನೂ ಸ್ವಲ್ಪ ಕಚ್ಚಬೇಕಿತ್ತು’ ಎಂದು ತಟ್ಟೆಯನ್ನು ಮತ್ತೆ ಆಮ್ಲಕ್ಕೆ ಇಳಿಸಬಹುದು. ಇದನ್ನು ಒಮ್ಮೆ ಕಣ್ಣಾರೆ ಕಂಡವರು ಸಂತೆಯಲ್ಲಿ 4/15 ಎಂಬ ಅಂಕಿಯನ್ನು ಕಂಡಾಗ ಬೆಲೆಯ ಬಗ್ಗೆ ತಕರಾರು ಎತ್ತಲಾರರು.

ಸ್ಟುಡಿಯೋ ಭೇಟಿಯ ರೀತಿನೀತಿಗಳೇನು?

ಮುಂಚಿತವಾಗಿ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಳ್ಳಿ, ಹೇಳಿದ ಹೊತ್ತಿಗೆ ಹೋಗಿ. ಅದು ಬಹುತೇಕ ಯಾರದೋ ಮನೆ ಎಂಬುದು ನೆನಪಿರಲಿ. ಹತ್ತು ಜನರ ಗುಂಪು ಕಟ್ಟಿಕೊಂಡು ಹೋಗಬೇಡಿ, ಒಂದು ಗಂಟೆಗಿಂತ ಹೆಚ್ಚು ಕೂರುವುದಾದರೆ ಅವರ ಮುಖಭಾವವನ್ನು ಗಮನಿಸಿ ಕೂರಿ. ಒಣಗಲು ಇಟ್ಟ ಚಿತ್ರ, ಕುಂಚ, ಪುಡಿಬಣ್ಣ, ಆಮ್ಲದ ತೊಟ್ಟಿ ಯಾವುದನ್ನೂ ಕೇಳದೆ ಮುಟ್ಟಬೇಡಿ. ಗೋಡೆಗೆ ಮುಖ ಮಾಡಿ ಒರಗಿಸಿಟ್ಟ ಚಿತ್ರಗಳನ್ನು ನೀವಾಗಿ ತಿರುಗಿಸಿ ನೋಡಬಾರದು. ಅವುಗಳನ್ನು ಹಾಗಿಡುವುದಕ್ಕೆ ಅವರಿಗೆ ಕಾರಣ ಇರುತ್ತದೆ. ಮುಗಿಯದ ಕೆಲಸದ ಫೋಟೋ ತೆಗೆದು ಹಂಚುವುದಂತೂ ಕೂಡದು.

ಭೇಟಿ ಕೊಟ್ಟ ಮೇಲೆ ಕೊಳ್ಳಲೇಬೇಕೇ?

ಬೇಕಾಗಿಲ್ಲ. ಆದರೆ ಮೊದಲೇ ಸ್ಪಷ್ಟವಾಗಿ ಹೇಳಿ: ‘ನೋಡಿ ಕಲಿಯಲು ಬರುತ್ತಿದ್ದೇನೆ’ ಎಂದರೆ ಅವರಿಗೂ ನಿರಾಳ. ಕೊಳ್ಳುವ ಮನಸ್ಸಾದರೆ, ಆ ಕಲಾವಿದರು ಯಾವುದಾದರೂ ಗ್ಯಾಲರಿಯ ಜೊತೆ ಒಪ್ಪಂದ ಮಾಡಿಕೊಂಡಿದ್ದಾರೆಯೇ ಎಂದು ಕೇಳಿ. ಮಾಡಿಕೊಂಡಿದ್ದರೆ ಗ್ಯಾಲರಿಯ ಮೂಲಕವೇ ಕೊಳ್ಳುವುದು ಮರ್ಯಾದೆ. ಗ್ಯಾಲರಿಯನ್ನು ತಪ್ಪಿಸಿ ಕಡಿಮೆ ಬೆಲೆಗೆ ಕೊಡಿ ಎಂದು ಕೇಳಿ ಅವರನ್ನು ಇಕ್ಕಟ್ಟಿಗೆ ಸಿಲುಕಿಸಬಾರದು. ಪೂರ್ತಿ ಹಣ ಒಮ್ಮೆಗೆ ಇಲ್ಲದಿದ್ದರೆ ಎರಡು ಮೂರು ಕಂತುಗಳಲ್ಲಿ ಕೊಡುವುದಕ್ಕೆ ಒಪ್ಪುವ ಕಲಾವಿದರಿದ್ದಾರೆ, ಸಂಕೋಚವಿಲ್ಲದೆ ಕೇಳಬಹುದು.

ಮಕ್ಕಳನ್ನೂ ಹಿರಿಯರನ್ನೂ ಕರೆದೊಯ್ಯಬಹುದೇ?

ಸಂತೆಗೆ ಖಂಡಿತ ಕರೆದೊಯ್ಯಿರಿ, ಆದರೆ ಬೆಳಗಿನ ಹೊತ್ತಿನಲ್ಲಿ. ಕುಳಿತುಕೊಳ್ಳುವ ಜಾಗ ಕಡಿಮೆ, ಆದ್ದರಿಂದ ಹಿರಿಯರ ಜೊತೆ ಪರಿಷತ್ತಿನ ಆವರಣದ ಒಳಗಿನ ಮಳಿಗೆಗಳನ್ನೇ ಮೊದಲು ನೋಡುವುದು ಸೂಕ್ತ. ಮಕ್ಕಳ ಕೈಯಲ್ಲಿ ಒಂದು ಪುಸ್ತಕ, ಒಂದು ಪೆನ್ಸಿಲ್ ಕೊಟ್ಟು, ಇಷ್ಟವಾದ ಒಂದನ್ನು ಅಲ್ಲೇ ನಿಂತು ಬರೆಯಲು ಹೇಳಿ. ಫೋಟೋದಲ್ಲಿ ಕಾಣದ್ದು ಬರೆಯುವಾಗ ಕಾಣುತ್ತದೆ. ನೀರಿನ ಬಾಟಲಿ ಮರೆಯಬೇಡಿ.

ಹೊರಗಿನ ಊರಿನಿಂದ ಬರುತ್ತೇವೆ. ಮಾರನೆಯ ದಿನ ಇನ್ನೇನು ನೋಡಬಹುದು?

ಸಂತೆಯ ಮಾರನೆಯ ದಿನ ಸೋಮವಾರ, ಅಂದು ಸಂಗ್ರಹಾಲಯಗಳಿಗೆ ರಜೆ ಇರುತ್ತದೆ. ಆದ್ದರಿಂದ ಹಿಂದಿನ ದಿನವೇ, ಅಂದರೆ ಶನಿವಾರವೇ ಬಂದುಬಿಡಿ. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಶನ್ನಿನಲ್ಲಿ 2009ರಿಂದ ಇರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಅರ್ಧ ದಿನ, ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ) ಸಂಗ್ರಹಾಲಯಕ್ಕೆ ಉಳಿದರ್ಧ ದಿನ ಸಾಕು. ಅದೇ ಕಸ್ತೂರಬಾ ರಸ್ತೆಯಲ್ಲಿ, ಮೈಸೂರು ಆಸ್ಥಾನದ ಕಲಾವಿದರಾಗಿದ್ದ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತ ಕೆ. ವೆಂಕಟಪ್ಪನವರ ಹೆಸರಿನ ಗ್ಯಾಲರಿ ಇದೆ; ತೆರೆದಿದೆಯೇ ಎಂದು ವಿಚಾರಿಸಿ ಹೋಗಿ. ಅವರ ಊಟಿಯ ಜಲವರ್ಣಗಳಲ್ಲಿ ಮಂಜು ಬೆಟ್ಟವನ್ನು ಆವರಿಸುವ ರೀತಿಯನ್ನು ನೋಡಿದವರು, ಮರುದಿನ ಸಂತೆಯಲ್ಲಿ ಜಲವರ್ಣಗಳನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾರೆ. ಸೋಮವಾರವನ್ನು ಸ್ಟುಡಿಯೋ ಭೇಟಿಗೆ ಉಳಿಸಿಕೊಳ್ಳಿ. ಆದರೆ ಸಂತೆಯಲ್ಲಿ ಮಳಿಗೆ ಹಾಕಿದವರ ಬಳಿ ಅಂದು ಹೋಗಬೇಡಿ, ಅವರಿಗೆ ವಿಶ್ರಾಂತಿ ಬೇಕು.

ನಾವು ವಿದೇಶದಲ್ಲಿದ್ದೇವೆ. ಕೊಂಡ ಚಿತ್ರವನ್ನು ಒಯ್ಯಬಹುದೇ?

ಬದುಕಿರುವ ಕಲಾವಿದರ ಹೊಸ ಕೃತಿಗಳನ್ನು ಒಯ್ಯಲು ಅಡ್ಡಿಯಿಲ್ಲ. 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆ ತಡೆಯುವುದು ನೂರು ವರ್ಷ ದಾಟಿದ ವಸ್ತುಗಳನ್ನು, ಮತ್ತು ರಾಜಾ ರವಿವರ್ಮ, ಅಮೃತಾ ಶೇರ್‌ಗಿಲ್, ನಂದಲಾಲ್ ಬೋಸ್, ನಿಕೋಲಸ್ ರೋರಿಕ್ ಮೊದಲಾದ ಕೆಲವು ಕಲಾವಿದರ ಕೃತಿಗಳನ್ನು. ಮೈಸೂರು ಶೈಲಿಯ ಹೊಸ ಚಿತ್ರ ಹಳೆಯದರಂತೆ ಕಾಣಬಹುದಾದ್ದರಿಂದ, ವರ್ಷ ನಮೂದಿಸಿದ ರಸೀದಿಯನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಿ.

ನಾನೂ ಚಿತ್ರ ಬರೆಯುತ್ತೇನೆ. ಸಂತೆಯಲ್ಲಿ ಮಳಿಗೆ ಪಡೆಯುವುದು ಹೇಗೆ?

ಸಂತೆಗೆ ಮೊದಲೇ ಪರಿಷತ್ತು ಅರ್ಜಿ ಕರೆಯುತ್ತದೆ. ಅರ್ಜಿಯ ಜೊತೆ ನಿಮ್ಮ ಕೃತಿಗಳ ಚಿತ್ರಗಳನ್ನು ಕಳುಹಿಸಬೇಕು. ಬಂದ ಅರ್ಜಿಗಳೆಲ್ಲಕ್ಕೂ ಜಾಗ ಸಿಗುವುದಿಲ್ಲ, ಆಯ್ಕೆ ಇರುತ್ತದೆ. ಹತ್ತು ಬಗೆಯ ಚಿತ್ರಗಳ ಬದಲು ಒಂದೇ ವಿಷಯದ ಮೇಲೆ ಮಾಡಿದ ಐದಾರು ಕೃತಿಗಳನ್ನು ಕಳುಹಿಸಿದರೆ ನಿಮ್ಮ ಕೈ ಯಾವುದು ಎಂಬುದು ಆಯ್ಕೆ ಮಾಡುವವರಿಗೆ ಸ್ಪಷ್ಟವಾಗುತ್ತದೆ. ಆಯ್ಕೆಯಾದರೆ ಬೆಲೆಪಟ್ಟಿ, ರಸೀದಿ ಪುಸ್ತಕ, ಯುಪಿಐ ಕ್ಯೂಆರ್ ಫಲಕ, ಸುತ್ತಿಕೊಡಲು ರಟ್ಟು ಮತ್ತು ಕಂದು ಕಾಗದ, ಹಗ್ಗ, ಕ್ಲಿಪ್ಪು, ನೆರಳಿಗೊಂದು ಛತ್ರಿ ತನ್ನಿ. ಜೊತೆಗೆ ಒಬ್ಬರನ್ನು ಕರೆತನ್ನಿ, ಏಕೆಂದರೆ ಮಳಿಗೆಯನ್ನು ಒಂಟಿಯಾಗಿ ಬಿಟ್ಟು ಊಟಕ್ಕೂ ಹೋಗಲಾಗುವುದಿಲ್ಲ. ಈ ಸಲ ಜಾಗ ಸಿಗದಿದ್ದರೆ ನೋಡುಗರಾಗಿ ಬನ್ನಿ, ನಿಮ್ಮದೇ ಮಾಧ್ಯಮದಲ್ಲಿ ಕೆಲಸ ಮಾಡುವವರ ಬಳಿ ಕಾಗದ ಎಲ್ಲಿ ಕೊಳ್ಳುತ್ತಾರೆ, ಬೆಲೆ ಹೇಗೆ ನಿರ್ಧರಿಸುತ್ತಾರೆ ಎಂದು ಕೇಳಿ ತಿಳಿದುಕೊಳ್ಳಿ, ಮುಂದಿನ ವರ್ಷದ ಅರ್ಜಿಗೆ ಅಂದಿನಿಂದಲೇ ಸಿದ್ಧತೆ ಆರಂಭಿಸಿ.